ಅಂಕಣದ ಕೆಳಗೆ ತಾರೀಖು ಉಳಿಯಲಿ

ಮಾನ್ಯ ಸಂಪಾದಕರೇ,

ಕಾದಂಬರಿಕಾರರು ಪತ್ರಿಕೆಗಳಿಗೆ ಬರೆದ ಹರಟೆ, ಅಂಕಣ, ಪ್ರಶ್ನೋತ್ತರಗಳು ಪುಸ್ತಕವಾಗಿ ಬರುವುದು ಸಂತೋಷದ ವಿಷಯ. ಆದರೆ ಎಷ್ಟೋ ಸಂಕಲನಗಳಲ್ಲಿ ಬರಹದ ಕೆಳಗೆ ತಾರೀಖಿರುವುದಿಲ್ಲ, ಯಾವ ಪತ್ರಿಕೆಯಲ್ಲಿ ಬಂದದ್ದೆಂಬ ಸುಳಿವೂ ಇರುವುದಿಲ್ಲ. ಕಾದಂಬರಿಗೆ ಇದರಿಂದ ಅಂಥ ನಷ್ಟವಿಲ್ಲ. ದಿನದ ಸುದ್ದಿಗೆ ಅಂಟಿಕೊಂಡು ಹುಟ್ಟಿದ ಹಾಸ್ಯಕ್ಕೆ ಮಾತ್ರ ತಾರೀಖು ಹೋದರೆ ಅರ್ಧ ಜೀವವೇ ಹೋಗುತ್ತದೆ.

1957ರ ಏಪ್ರಿಲ್ 1ರಂದು ನಯಾಪೈಸೆ ಬಂತು. ಒಂದು ರೂಪಾಯಿಯ 16 ಆಣೆಗೆ 100 ನಯಾಪೈಸೆ, ಅಂದರೆ ಒಂದಾಣೆಗೆ ಆರೂಕಾಲು. ಕಾಲು ಪೈಸೆಯ ನಾಣ್ಯವಿಲ್ಲ. ಹಾಗಾಗಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಸರ್ಕಾರ ಪಟ್ಟಿ ಮಾಡಿತು. ಒಂದಾಣೆಯ ತಿಂಡಿಗೆ ಮೂರು ಸಲ ಬೇರೆ ಬೇರೆಯಾಗಿ ದುಡ್ಡು ಕೊಟ್ಟರೆ 18 ನಯಾಪೈಸೆ, ಒಟ್ಟಿಗೆ ಕೊಟ್ಟರೆ 19. ಹೋಟೆಲಿನ ಗಲ್ಲಾದ ಮುಂದೆ ಆ ಒಂದು ಪೈಸೆಗೆ ನಡೆಯುವ ವಾದವನ್ನು ಕಾದಂಬರಿಕಾರನೊಬ್ಬ ಆ ತಿಂಗಳು ಸಂಭಾಷಣೆಯಾಗಿ ಬರೆದರೆ ಅಂದಿನ ಓದುಗ ಮೊದಲ ಸಾಲಿಗೇ ನಗುತ್ತಾನೆ. ಅದನ್ನೇ ತಾರೀಖು ಕಿತ್ತು ಇವತ್ತು ಅಚ್ಚು ಹಾಕಿದರೆ, ಒಂದು ಪೈಸೆ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದೇ ತಿಳಿಯುವುದಿಲ್ಲ. ಕೆಳಗೆ 'ಏಪ್ರಿಲ್ 1957' ಎಂದಿದ್ದು, ಎರಡು ಸಾಲಿನ ಅಡಿಟಿಪ್ಪಣಿ ಇದ್ದರೆ ಸಾಕು.

ನಮ್ಮ ದಾವಣಗೆರೆ, ಚಿತ್ರದುರ್ಗ ಸೀಮೆಯ ಮಾತಿಗೂ ಇದು ಅನ್ವಯಿಸುತ್ತದೆ. 'ಮಾರಿಕಣಿವೆ ಕೋಡಿ ಬಿದ್ದಾಗ ನಿನ್ನ ಸಾಲ ತೀರಿಸ್ತೀನಿ' ಎಂದು ಹರಟೆಯ ಪಾತ್ರವೊಂದು ಹೇಳಿತೆನ್ನಿ. ಮಾರಿಕಣಿವೆಯ ಜಲಾಶಯ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ ಬರಹವಾದರೆ ಸಾಲ ವಾಪಸ್ ಬರುವುದಿಲ್ಲವೆಂದೇ ಅರ್ಥ, 2022ರ ನಂತರದ್ದಾದರೆ ಸಾಲ ಕೊಟ್ಟವನಿಗೆ ಇನ್ನೂ ಆಸೆಯಿದೆ. ಹಾಗೆಯೇ ದಾವಣಗೆರೆ ಬೇರೆ ಜಿಲ್ಲೆಯಾದ 1997ರ ಆಗಸ್ಟ್‌ಗೆ ಮೊದಲು 'ಚಿತ್ರದುರ್ಗ ಜಿಲ್ಲೆ' ಎಂದು ಬರೆದವರ ಕಣ್ಣ ಮುಂದೆ ದಾವಣಗೆರೆಯ ಹತ್ತಿ ಗಿರಣಿಗಳೂ ಹರಿಹರದ ಹೊಳೆಯೂ ಇದ್ದವು.

ಈ ಭಾಗಕ್ಕೆ ಇದರಲ್ಲಿ ವಿಶೇಷ ಹೊಣೆಯಿದೆ. ದುರ್ಗದ ಪಾಳೇಗಾರರ ಕಾದಂಬರಿಗಳಿಂದ ಮನೆಮಾತಾದ ತರಾಸು ಹುಟ್ಟಿದ್ದು ಮಲೇಬೆನ್ನೂರಿನಲ್ಲಿ, ಮನೆತನ ಚಳ್ಳಕೆರೆ ತಾಲ್ಲೂಕಿನ ತಳುಕಿನದು. ಅವರು ಪತ್ರಕರ್ತರಾಗಿಯೂ ದುಡಿದವರೆಂಬುದು ಇಂದಿನ ಎಷ್ಟೋ ಓದುಗರಿಗೆ ಗೊತ್ತಿಲ್ಲ. ಬೀಚಿ ಹುಟ್ಟಿದ ಹರಪನಹಳ್ಳಿ ಕೆಲವು ವರ್ಷ ದಾವಣಗೆರೆ ಜಿಲ್ಲೆಯಲ್ಲೇ ಇತ್ತು. ಅವರೂ ಕಾದಂಬರಿ ಬರೆದವರು. 'ಸುಧಾ' ವಾರಪತ್ರಿಕೆಯಲ್ಲಿ ಅವರು ಓದುಗರ ಪ್ರಶ್ನೆಗಳಿಗೆ ಕೊಡುತ್ತಿದ್ದ ಉತ್ತರಗಳಿಗಾಗಿ ಜನ ಕಾಯುತ್ತಿದ್ದರು. ಪ್ರಶ್ನೋತ್ತರದಲ್ಲಿ ಪ್ರಶ್ನೆಯೂ ಕೃತಿಯ ಭಾಗವೇ. ಕೇಳಿದವರ ಊರು, ಅವರು ಕೇಳಿದ ಧಾಟಿ ಬಿಟ್ಟು ಉತ್ತರವನ್ನಷ್ಟೇ ಆರಿಸಿಕೊಂಡರೆ ಅದು ಬರೀ ಚಟಾಕಿಯಾಗಿಬಿಡುತ್ತದೆ.

ಈಗ ಮಾಡಬಹುದಾದ ಕೆಲಸದ ಬಗ್ಗೆ. ಪತ್ರಿಕೆಯ ಕಾಗದವನ್ನು ಅರೆದ ಮರದ ತಿರುಳಿನಿಂದ ಮಾಡುತ್ತಾರೆ. ಅದರಲ್ಲಿ ಲಿಗ್ನಿನ್ ಎಂಬ ಮರದ ಅಂಶ ಉಳಿದಿರುವುದರಿಂದ ಬೆಳಕು, ಗಾಳಿ ತಾಗಿದಂತೆ ಹಳದಿಯಾಗಿ, ಆಮ್ಲ ಹೆಚ್ಚಿ, ಮಡಿಕೆಯಲ್ಲೇ ಮುರಿಯುತ್ತದೆ. ಆದ್ದರಿಂದ ಮಡಚಬಾರದು, ಸಪಾಟಾಗಿ ಇಡಬೇಕು. ಸೆಲೋಟೇಪ್ ಬೇಡವೇ ಬೇಡ. ಅದರ ಅಂಟು ಕಂದಾಗಿ ಅಕ್ಷರಕ್ಕೇ ಇಳಿಯುತ್ತದೆ. ಗುಂಡುಪಿನ್ನು, ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿಯುತ್ತವೆ. ಲ್ಯಾಮಿನೇಷನ್ ಮಾಡಿಸಿದರೆ ಉಳಿಯಿತೆಂದು ಹಲವರು ನಂಬಿದ್ದಾರೆ. ಬಿಸಿಯಲ್ಲಿ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗದು, ಒಳಗಿನ ಆಮ್ಲ ತನ್ನ ಕೆಲಸ ನಿಲ್ಲಿಸುವುದೂ ಇಲ್ಲ. ಆಮ್ಲರಹಿತ ಕಾಗದದ ನಡುವೆ ಇಟ್ಟು, ಬಿಳಿ ಹತ್ತಿಯ ಪಟ್ಟಿಯಲ್ಲಿ ಸಡಿಲವಾಗಿ ಕಟ್ಟುವುದು ಒಳ್ಳೆಯದು.

ಫೋಟೊ ತೆಗೆಯುವಾಗ ಅಂಕಣವನ್ನಷ್ಟೇ ತೆಗೆಯುವುದು ಸಾಮಾನ್ಯವಾಗಿ ಆಗುವ ತಪ್ಪು. ಮೊದಲು ಪತ್ರಿಕೆಯ ಹೆಸರು, ತಾರೀಖು ಕಾಣುವ ಹಾಗೆ ಇಡೀ ಪುಟ, ಆಮೇಲೆ ಅಂಕಣ ಹತ್ತಿರದಿಂದ. ಹಾಳೆಯ ಹಿಂದೆ ಕಪ್ಪು ಕಾಗದ ಇಟ್ಟರೆ ಹಿಂಬದಿಯ ಅಚ್ಚು ಮೂಡಿ ಬರುವುದು ಕಡಿಮೆಯಾಗುತ್ತದೆ. ಫ್ಲ್ಯಾಶ್ ಹಾಕದೆ ಎರಡೂ ಪಕ್ಕದಿಂದ 45 ಡಿಗ್ರಿಯಲ್ಲಿ ಬೆಳಕು ಬೀಳಲಿ. ಸ್ಕ್ಯಾನರ್ ಇದ್ದರೆ 300 ಡಿಪಿಐಗಿಂತ (ಇಂಚಿಗೆ 300 ಚುಕ್ಕೆ) ಕಡಿಮೆ ಇಡಬೇಡಿ. ಹಳೆಯ ಮೊಳೆಯಚ್ಚಿನಲ್ಲಿ ಒತ್ತಕ್ಷರಗಳೇ ಮೊದಲು ಮಸುಕಾಗುವುದು. ಫೈಲಿನ ಹೆಸರು ವರ್ಷದಿಂದ ಶುರುವಾಗಲಿ, 1957-04-07 ಎಂಬಂತೆ. ಆಗ ಕಂಪ್ಯೂಟರ್ ತಾನೇ ಕಾಲಕ್ರಮದಲ್ಲಿ ಜೋಡಿಸುತ್ತದೆ. ಬೈಂಡ್ ಮಾಡಿದ ಸಂಪುಟಗಳಲ್ಲಿ ಒಳಅಂಚಿನ ಕಾಲಂ ಹೊಲಿಗೆಯೊಳಗೆ ಸೇರಿಹೋಗಿರುತ್ತದೆ. ಬಲವಂತವಾಗಿ ಒತ್ತಿ ಬಿಡಿಸಿದರೆ ಹಾಳೆ ಕೈಗೆ ಬರುತ್ತದೆ, ಸಾಲು ಬರುವುದಿಲ್ಲ. ಅಂಥ ಕಡೆ ಬಿಡಿ ಸಂಚಿಕೆ ಹುಡುಕುವುದೇ ಮೇಲು. ಭಾನುವಾರದ ಪುರವಣಿ ಮುಖ್ಯ ಪತ್ರಿಕೆಯೊಂದಿಗೆ ಬೈಂಡ್ ಆಗಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಹರಟೆಗಳು ಹೆಚ್ಚಾಗಿ ಇರುವುದು ಅಲ್ಲೇ, ಬಿಟ್ಟುಹೋಗುವುದೂ ಅದೇ.

ಮುಂದಿನ ವಾರದ ವಾಚಕರ ವಾಣಿಯನ್ನೂ ಜೊತೆಗೆ ತೆಗೆದಿಡಿ ಎಂದು ನಾನು ಒತ್ತಿ ಹೇಳುತ್ತೇನೆ. ಕಾದಂಬರಿಕಾರರ ಅಂಕಣದಲ್ಲಿ ಪಾತ್ರಗಳು ವಾರದಿಂದ ವಾರಕ್ಕೆ ಬೆಳೆಯುತ್ತವೆ, ಓದುಗರ ಆಕ್ಷೇಪಕ್ಕೆ ಅವೇ ಉತ್ತರವನ್ನೂ ಕೊಡುತ್ತವೆ. ಸಂಕಲನಕಾರರು ಸಪ್ಪೆಯೆಂದು ಬಿಟ್ಟ ಕಂತೇ ಎಷ್ಟೋ ಸಲ ಮುಂದಿನ ಕಂತಿನ ನಗೆಗೆ ಆಧಾರವಾಗಿರುತ್ತದೆ.

ಪಠ್ಯ ಸಿದ್ಧಪಡಿಸುವಾಗ, ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ಒಸಿಆರ್ ತಂತ್ರಾಂಶವನ್ನು ನಂಬಿ ಕೂರುವಂತಿಲ್ಲ. ಅದು ಸೊನ್ನೆಯನ್ನೂ ಅನುಸ್ವಾರವನ್ನೂ ಅದಲುಬದಲು ಮಾಡುತ್ತದೆ, ಒತ್ತುಗಳನ್ನು ನುಂಗುತ್ತದೆ. ಬೆಲೆಯ ಮೇಲೆ ನಿಂತ ಹಾಸ್ಯದಲ್ಲಿ ಒಂದು ಅಂಕಿ ತಪ್ಪಿದರೆ ಮಿಕ್ಕದ್ದು ದಂಡ. ಒಬ್ಬರು ಮೂಲ ನೋಡುತ್ತ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪ್ರತಿ ತಿದ್ದಬೇಕು. ಪಾತ್ರ 'ಹೊಂಟೆ', 'ಬರ್ತೀನ್ರಿ' ಎಂದಿದ್ದನ್ನು 'ಹೊರಟೆ', 'ಬರುತ್ತೇನೆ' ಎಂದು ತಿದ್ದುವ ಕರಡು ತಿದ್ದುಗರು ಈಗಲೂ ಇದ್ದಾರೆ, ಅವರ ಕೈಗೆ ಇದು ಸಿಗದಿರಲಿ.

ಹಕ್ಕಿನ ವಿಷಯದಲ್ಲಿ ಎಚ್ಚರ ಬೇಕು. ನಮ್ಮ ಕಾನೂನಿನಂತೆ ಲೇಖಕ ತೀರಿದ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಬೀಚಿ ತೀರಿಕೊಂಡದ್ದು 1980ರಲ್ಲಿ, ತರಾಸು 1984ರಲ್ಲಿ. ಹಾಗಾಗಿ ಕ್ರಮವಾಗಿ 2040, 2044ರ ಕೊನೆಯವರೆಗೆ ಮರುಮುದ್ರಣಕ್ಕೂ ಅಂತರ್ಜಾಲಕ್ಕೆ ಏರಿಸುವುದಕ್ಕೂ ಹಕ್ಕುದಾರರ ಒಪ್ಪಿಗೆ ಬೇಕು. ತನ್ನಲ್ಲೇ ಇರುವ ಮುದ್ರಿತ ಪ್ರತಿಯನ್ನು ಕಾಪಾಡಲೆಂದು ಸಾರ್ವಜನಿಕ ಗ್ರಂಥಾಲಯ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಲು ಮಾತ್ರ ಕಾನೂನು ಅವಕಾಶ ಕೊಟ್ಟಿದೆ. ಅದನ್ನಾದರೂ ದಾವಣಗೆರೆ, ಚಿತ್ರದುರ್ಗದ ಗ್ರಂಥಾಲಯಗಳು ಬಳಸಿಕೊಳ್ಳಬೇಕು. ಹಳೆಯ ಸಂಪುಟಗಳನ್ನು ರದ್ದಿಗೆ ಹಾಕುವ ಮುನ್ನ ಪಟ್ಟಿ ಮಾಡಿ ಸೂಚನಾ ಫಲಕಕ್ಕೆ ಅಂಟಿಸಿದರೂ ಬಹಳಷ್ಟು ಉಳಿಯುತ್ತದೆ.

ದಸರಾ, ದೀಪಾವಳಿಗೆ ಸುಣ್ಣಬಣ್ಣ ಮಾಡಿಸುವಾಗಲೇ ಮನೆಗಳ ಅಟ್ಟ ಖಾಲಿಯಾಗುವುದು. ಅದಕ್ಕೆ ಒಂದು ತಿಂಗಳು ಮೊದಲು ನಿಮ್ಮ ಜಿಲ್ಲಾ ಪುಟದಲ್ಲಿ, 1990ಕ್ಕಿಂತ ಹಿಂದಿನ ಭಾನುವಾರದ ಪುರವಣಿ, ವಾರಪತ್ರಿಕೆಗಳಿದ್ದರೆ ರದ್ದಿಗೆ ಹಾಕುವ ಮೊದಲು ತಿಳಿಸಿ ಎಂಬ ಪುಟ್ಟ ಪ್ರಕಟಣೆ ಹಾಕಬೇಕೆಂದು ವಿನಂತಿ.

– ಒಬ್ಬ ಓದುಗ, ದಾವಣಗೆರೆ