ರೆಕ್ಕೆ ಕಟ್ಟುವ ಕೆಲಸ ನಮ್ಮ ಹುಡುಗರಿಗೂ ಬರುತ್ತದೆ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಅಂಕೋಲೆಯ ಬಾಳೆಗುಳಿ ಕ್ರಾಸಿನಲ್ಲಿ ಗಾಳಿಯಂತ್ರದ ರೆಕ್ಕೆ ಹೊತ್ತ ಲಾರಿ ನಿಂತಿತ್ತು. ಹುಬ್ಬಳ್ಳಿ ರಸ್ತೆಗೆ ತಿರುಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಗದಗಿಗೆ ಹೋಗಬೇಕು ಅಂದ ಡ್ರೈವರ್. ಜನ ಫೋಟೋ ತೆಗೆಯುತ್ತಿದ್ದರು. ನಾನು ಹತ್ತಿರ ಹೋಗಿ ರೆಕ್ಕೆಯ ಬುಡ ಮುಟ್ಟಿ ನೋಡಿದೆ. ಪದರ ಪದರವಾಗಿ ಗಾಜಿನ ನೂಲಿನ ಬಟ್ಟೆ. 26 ವರ್ಷದಿಂದ ನನ್ನ ಕೈ ಆಡುತ್ತಿರುವುದು ಅದರಲ್ಲೇ.

ತದಡಿಯಲ್ಲಿ ಫೈಬರ್ ದೋಣಿ ಮಾಡುವುದು, ರಿಪೇರಿ ಮಾಡುವುದು ನನ್ನ ಕಸುಬು. ಅಚ್ಚಿನ ಮೇಲೆ ಗಾಜಿನ ನೂಲಿನ ಮ್ಯಾಟ್ ಹಾಸಿ, ರೆಸಿನ್ ಅನ್ನುವ ಗಟ್ಟಿಯಾಗುವ ಅಂಟು ಬಳಿದು, ರೋಲರ್ ಎಳೆದು ಗಾಳಿಗುಳ್ಳೆ ಓಡಿಸುತ್ತೇವೆ. ಗುಳ್ಳೆ ಉಳಿದರೆ ದೋಣಿ ಅಲ್ಲೇ ಬಿರಿಯುತ್ತದೆ. ರೆಕ್ಕೆಯದ್ದೂ ಹಾಗೇ. ಅಲ್ಲಿ ಎಪಾಕ್ಸಿ ರೆಸಿನ್. ಬ್ರಷ್ಷಿನಲ್ಲಿ ಬಳಿಯುವ ಬದಲು ಮೇಲೆ ಪ್ಲಾಸ್ಟಿಕ್ ಹೊದಿಸಿ, ಒಳಗಿನ ಗಾಳಿ ಎಳೆದು, ರೆಸಿನ್ ಹರಿಸುತ್ತಾರೆ. ನಡುವೆ ಹಗುರವಾದ ಬಾಲ್ಸಾ ಮರ ಇಲ್ಲವೇ ಫೋಮ್ ಇಡುತ್ತಾರೆ. ಅಳತೆ ಮಾತ್ರ ಬೇರೆ. ಗಾಳಿಯಂತ್ರ ಮಾಡುವ ಸುಜ್ಲಾನ್ ಕಂಪನಿಯ 3 ಮೆಗಾವಾಟ್ ಯಂತ್ರದಲ್ಲಿ ರೆಕ್ಕೆಗಳು ತಿರುಗುವ ಚಕ್ರ 144 ಮೀಟರ್ ಅಗಲ. ಅಂದರೆ ಒಂದು ರೆಕ್ಕೆ 70 ಮೀಟರಿನಷ್ಟು. ನಮ್ಮ 30 ಅಡಿಯ ದೋಣಿ ಏಳೆಂಟನ್ನು ಸಾಲಾಗಿ ಇಟ್ಟ ಹಾಗೆ!

ಈ ಕೆಲಸ ದೂರದಲ್ಲೂ ಇಲ್ಲ. ಪಡುಬಿದ್ರಿಯಲ್ಲೇ ರೆಕ್ಕೆ ಮಾಡುವ ಕಾರ್ಖಾನೆ ಇದೆ. 2024-25ರಲ್ಲಿ ದೇಶದಲ್ಲೇ ಅತಿ ಜಾಸ್ತಿ ಹೊಸ ಗಾಳಿ ವಿದ್ಯುತ್ ಸೇರಿಸಿದ್ದು ನಮ್ಮ ಕರ್ನಾಟಕ, 1,331 ಮೆಗಾವಾಟ್. ಅದೇ ವರ್ಷದ ಕೊನೆಗೆ ದೇಶದ ಒಟ್ಟು ಗಾಳಿ ವಿದ್ಯುತ್ ಸಾಮರ್ಥ್ಯ 50 ಸಾವಿರ ಮೆಗಾವಾಟ್ ದಾಟಿತು. ಇಷ್ಟು ಯಂತ್ರ ನಿಲ್ಲಿಸಬೇಕಾದರೆ, ಪ್ರತಿಯೊಂದಕ್ಕೂ ಮೂರು ರೆಕ್ಕೆ ಬೇಕಲ್ವಾ? ನಿಲ್ಲಿಸಿದ ಮೇಲೂ ಬಿರುಕು ಬಿಟ್ಟ ರೆಕ್ಕೆಗೆ ಹಗ್ಗದಲ್ಲಿ ಇಳಿದು ತೇಪೆ ಹಾಕುವವರು ಬೇಕು.

ನನ್ನ ತಂಗಿಯ ಮಗ ನನ್ನ ಹತ್ತಿರ ಆರು ವರ್ಷ ಕೆಲಸ ಕಲಿತವನು. ಹೋದ ವರ್ಷ ಒಂದು ಕಂಪನಿಗೆ ಕೆಲಸ ಕೇಳಿಕೊಂಡು ಹೋದ. ಸರ್ಟಿಫಿಕೇಟ್ ಎಲ್ಲಿ ಅಂದರಂತೆ. ಒಂದು ಪದರ ಹಾಸಿ ತೋರಿಸುತ್ತೇನೆ ಅಂದರೂ ಕೇಳಲಿಲ್ಲ. ಈಗ ಗೋವಾದಲ್ಲಿ ಹೋಟೆಲ್ ಕೆಲಸಕ್ಕಿದ್ದಾನೆ. ಅವನ ಕೈ ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಜಿಲ್ಲಾಡಳಿತಕ್ಕೂ ರೆಕ್ಕೆ ಕಂಪನಿಗಳಿಗೂ ನನ್ನ ಬೇಡಿಕೆ ಒಂದೇ. ನಮ್ಮ ಜಿಲ್ಲೆಯ ಐಟಿಐಗಳಲ್ಲಿ ಫೈಬರ್ ಕೆಲಸದ ಎರಡು ತಿಂಗಳ ಕೋರ್ಸ್ ನಡೆಸಿ. ಈಗಾಗಲೇ ಕೆಲಸ ಬಲ್ಲವರನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡಿ. ಮಾಸ್ಕ್, ಗ್ಲೌಸ್ ಹಾಕುವುದನ್ನು ಮೊದಲ ದಿನವೇ ಕಲಿಸಿ. ಗಾಜಿನ ಧೂಳು ಏನು ಮಾಡುತ್ತದೆ ಅಂತ ನನ್ನ ಕೆಮ್ಮು ಹೇಳುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುವುದರಿಂದ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಹುಡುಗರು ಮನೆಯಲ್ಲೇ ಇರುತ್ತಾರೆ. ಆ ಎರಡು ತಿಂಗಳಲ್ಲೇ ಕೋರ್ಸ್ ಇಟ್ಟರೆ ನಾನೂ ಬಂದು ಕಲಿಸುತ್ತೇನೆ. ಸಂಬಳ ಬೇಡ.

– ಫೈಬರ್ ದೋಣಿ ಕೆಲಸಗಾರ, ತದಡಿ, ಕುಮಟಾ ತಾಲ್ಲೂಕು