ಕಾಲ ಕೆಳಗಿನ ಕಲ್ಲಿನ ಪಾಠ: ಪೋಷಕರಿಗೊಂದು ಪತ್ರ

ಮಾನ್ಯ ಪೋಷಕರೆ,

ನಮಸ್ಕಾರಗಳು. ಹೋದ ವಾರ ಎಂಟನೆಯ ತರಗತಿಯಲ್ಲಿ ಕಣಶಿಲೆ ಎಂದರೇನು ಎಂದು ಕೇಳಿದೆ. ಒಬ್ಬ ಹುಡುಗಿ ಎದ್ದು ನಿಂತು ಪುಸ್ತಕದಲ್ಲಿ ಇದ್ದಂತೆಯೇ ಒಂದಕ್ಷರ ತಪ್ಪದೆ ಹೇಳಿದಳು. "ಎಲ್ಲಾದರೂ ನೋಡಿದ್ದೀಯೇನಮ್ಮ?" ಎಂದೆ. "ಇಲ್ಲ ಟೀಚರ್" ಎಂದಳು. ಅವಳು ನಿಂತಿದ್ದುದು ಶಹಾಬಾದ್ ಕಲ್ಲಿನ ಮೇಲೆ. ಆ ಸುಣ್ಣಗಲ್ಲೂ ಕಣಶಿಲೆಯೇ, ನೀರಿನ ತಳದಲ್ಲಿ ಪದರಾಗಿ ಕೂತು ಗಟ್ಟಿಯಾದ ಕಲ್ಲು. ಅವಳ ತಂದೆ ಗಣಿಯಲ್ಲಿ ದಿನವೂ ಎಬ್ಬಿಸುವುದು ಅದೇ ಕಲ್ಲನ್ನು. ತಪ್ಪು ಮಗುವಿನದಲ್ಲ, ಕಲಿಸುವ ನಮ್ಮದು. ಹಲಗೆಯ ಮೇಲೆ ಚಿತ್ರ ಬರೆದು, ಎರಡು ಅಂಕದ ಉತ್ತರ ಬರೆಸಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆವು.

ನಮ್ಮ ಚಿತ್ತಾಪುರ ಸೀಮೆಯಲ್ಲಿದ್ದು ಹೀಗೆ ಕಲಿಸುವುದು ನನಗೆ ಸಂಕಟದ ವಿಷಯ. ಈ ಸುಣ್ಣಗಲ್ಲು ಡೈನೋಸಾರ್‌ಗಳು ಹುಟ್ಟುವುದಕ್ಕೂ ಎಷ್ಟೋ ಮೊದಲು ಇಲ್ಲಿದ್ದ ಕಡಲಿನ ತಳದಲ್ಲಿ ಪದರು ಪದರಾಗಿ ಕೂತದ್ದು; ಹಾಸುಗಲ್ಲಾಗಿ ಸಲೀಸಾಗಿ ಏಳುವುದು ಅದಕ್ಕೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಲಾವಾ ಹರಿದು ಹೆಪ್ಪುಗಟ್ಟಿತು. ಆ ಕರಿಕಲ್ಲು ಬಿಸಿಲು ಮಳೆಗೆ ಸವೆದು ಸವೆದು ತೊಗರಿ ಬೆಳೆಯುವ ಎರೆ ಮಣ್ಣಾಯಿತು. ಮೊನ್ನೆ ಶನಿವಾರ ಮಕ್ಕಳು ಹಾಸುಗಲ್ಲನ್ನು ಕೆರೆದು, ಆ ಪುಡಿಯ ಮೇಲೆ ನಿಂಬೆಹಣ್ಣು ಹಿಂಡಿದರು. ಸಣ್ಣಗೆ ನೊರೆ ಎದ್ದಿತು. ಕರಿಕಲ್ಲಿನ ಪುಡಿಯ ಮೇಲೆ ಹಿಂಡಿದರು, ಏನೂ ಆಗಲಿಲ್ಲ. ಯಾಕೆ ಎಂದು ನಾನು ಕೇಳುವ ಮೊದಲೇ ಅವರು ನನ್ನನ್ನು ಕೇಳಿದರು.

ಹೀಗೆ ಕಲ್ಲು ಮುಟ್ಟಿಸಿ ಕಲಿಸುವುದಕ್ಕೆ ಅಂಕಕ್ಕಿಂತ ದೊಡ್ಡ ಕಾರಣವೂ ಒಂದಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾದಾಗ ನಮ್ಮ ಕಡೆಯೂ ನೆಲ ನಡುಗಿದ್ದನ್ನು ಹಿರಿಯರು ಮರೆತಿರಲಾರರು. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ನೆಲದೊಳಗಿನ ಸದ್ದಿಗೆ ಹೆದರಿ ಮನೆಯ ಹೊರಗೆ ಮಲಗಿದರು. ಕಿಲ್ಲಾರಿಯಲ್ಲಿ ಸಾವಿರಾರು ಜೀವ ಹೋದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಭಾರದ ಮಾಳಿಗೆ ಮಲಗಿದವರ ಮೇಲೆಯೇ ಕುಸಿದದ್ದರಿಂದ. ನಮ್ಮೂರಿನ ಹಳೆಯ ಮನೆಗಳೂ ಅಂಥವೇ ಅಲ್ಲವೇ? ಗೋಡೆಯ ಎರಡೂ ಮೈಯನ್ನು ಹಿಡಿದಿಡುವ ಉದ್ದ ಕಲ್ಲು ಯಾಕೆ ಬೇಕು, ಬಾಗಿಲ ಮೇಲಂಚಿನ ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟ್ ಪಟ್ಟಿ ಯಾಕೆ ಬೇಕು ಎಂಬುದು ನಾಳೆ ಮನೆ ಕಟ್ಟಿಸುವ ಈ ಮಕ್ಕಳಿಗೆ ಗೊತ್ತಿರಲೇಬೇಕು.

ಇನ್ನು ಮುಂದೆ ತಿಂಗಳಿಗೊಂದು ಶನಿವಾರ ಬೆಳಿಗ್ಗೆ 8ರಿಂದ 10ರವರೆಗೆ ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳನ್ನು ಶಿಕ್ಷಕರು ಕಾಗಿಣಾ ದಂಡೆಗೂ ಹೊಲಗಳಿಗೂ ಕರೆದೊಯ್ಯುತ್ತಾರೆ. ನೀರು ನಿಂತ ಹಳೆಯ ಗಣಿಗಳ ಹತ್ತಿರ ಯಾರನ್ನೂ ಬಿಡುವುದಿಲ್ಲ. ಮನೆಯಲ್ಲಿ ತಾವೂ ಈ ಮಾತನ್ನು ಒತ್ತಿ ಹೇಳಿ. ಹೆಣ್ಣುಮಕ್ಕಳನ್ನು ದಯವಿಟ್ಟು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಬಾವಿ ಇರುವವರು ವಾರಕ್ಕೊಮ್ಮೆ ಹಗ್ಗ ಇಳಿಬಿಟ್ಟು ನೀರಿನ ಆಳ ಅಳೆದು ಮಗುವಿನ ನೋಟುಪುಸ್ತಕದಲ್ಲಿ ಬರೆಸಿ.

ಗಣಿಯಲ್ಲಿ ದುಡಿಯುವ ತಂದೆಯರಲ್ಲಿ ವಿಶೇಷ ವಿನಂತಿ. ಸುತ್ತಿಗೆಯ ಪೆಟ್ಟಿನ ಸದ್ದು ಕೇಳಿಯೇ ಕಲ್ಲು ಎಲ್ಲಿ ಬಿಡುತ್ತದೆ ಎಂದು ತಾವು ಹೇಳಬಲ್ಲಿರಿ. ಆ ವಿದ್ಯೆ ನಮ್ಮ ಶಿಕ್ಷಕರಲ್ಲಿ ಯಾರಿಗೂ ಇಲ್ಲ. ಬಿಡುವಾದ ದಿನ ಒಂದು ಗಂಟೆ ತರಗತಿಗೆ ಬಂದು ಕಲಿಸಿಕೊಡಿ. ಸುತ್ತಿಗೆ, ಉಳಿ ತನ್ನಿ. ಕಲ್ಲು ಶಾಲೆಯ ಅಂಗಳದಲ್ಲೇ ಇದೆ.

ಒಪ್ಪಿಗೆಯ ಚೀಟಿಗೆ ಸಹಿ ಮಾಡಿ ಶುಕ್ರವಾರದೊಳಗೆ ಮಗುವಿನ ಕೈಯಲ್ಲಿ ಕಳುಹಿಸಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ