ವೇಗಮಿತಿ ಏರಿಸುವ ಮಾತು ಈಗ ಬೇಡ

ಮಾನ್ಯ ಸಂಪಾದಕರೇ,

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳಿಗೆ ನಿಗದಿಯಾಗಿರುವ ಗಂಟೆಗೆ 100 ಕಿ.ಮೀ. ಮಿತಿಯನ್ನು 120ಕ್ಕೆ ಏರಿಸಬೇಕೆಂಬ ವಾದವನ್ನು ನಾನು ಒಪ್ಪಲಾರೆ. ವೇಗ ಐದನೇ ಒಂದು ಭಾಗದಷ್ಟು ಹೆಚ್ಚಿದರೆ ಡಿಕ್ಕಿಯ ಶಕ್ತಿ ಶೇ 44ರಷ್ಟು ಹೆಚ್ಚುತ್ತದೆ. ಅಪಾಯ ಕಂಡ ಚಾಲಕ ಬ್ರೇಕ್ ಒತ್ತಲು ಒಂದೇ ಸೆಕೆಂಡು ತೆಗೆದುಕೊಂಡರೂ, 120ರ ವೇಗದ ಕಾರು ಅಷ್ಟರಲ್ಲಿ 33 ಮೀಟರ್ ಮುಂದೆ ಹೋಗಿರುತ್ತದೆ. ಇಷ್ಟೆಲ್ಲ ಅಪಾಯಕ್ಕೆ ಪ್ರತಿಯಾಗಿ ಸುಮಾರು 118 ಕಿ.ಮೀ. ದಾರಿಯಲ್ಲಿ ಉಳಿಯುವುದು ಹೆಚ್ಚೆಂದರೆ 12 ನಿಮಿಷ, ಅದನ್ನೂ ಕೆಂಗೇರಿಯ ವಾಹನದಟ್ಟಣೆ ನುಂಗಿಹಾಕುತ್ತದೆ.

ಎಕ್ಸ್‌ಪ್ರೆಸ್‌ವೇಗಳಲ್ಲಿ ಕಾರುಗಳಿಗೆ 120 ಕಿ.ಮೀ. ಮಿತಿಗೊಳಿಸಿದ್ದ ಕೇಂದ್ರ ಸರ್ಕಾರದ 2018ರ ಅಧಿಸೂಚನೆಯನ್ನು ಮದ್ರಾಸ್ ಹೈಕೋರ್ಟ್ 2021ರಲ್ಲಿ ರದ್ದುಪಡಿಸಿತ್ತೆಂಬುದನ್ನೂ ನೆನೆಯಬೇಕು.

ರಸ್ತೆ ನುಣುಪಾಗಿದೆ ಎಂಬುದೊಂದೇ ವೇಗಕ್ಕೆ ಅರ್ಹತೆಯಲ್ಲ. 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಿಂದ ನಿರ್ಬಂಧಿಸಿದ್ದು ಸರಿಯಾದ ಕ್ರಮವೇ. ಆದರೆ ಹೆದ್ದಾರಿ ಸೀಳಿಕೊಂಡು ಹೋದ ರಾಮನಗರ, ಮಂಡ್ಯ ಜಿಲ್ಲೆಗಳ ಊರುಗಳಲ್ಲಿ ಮನೆ ಒಂದು ಬದಿಗೆ, ಗದ್ದೆ ಮತ್ತೊಂದು ಬದಿಗೆ ಉಳಿದವರಿದ್ದಾರೆ. ಹುಲ್ಲಿನ ಹೊರೆ ಹೊತ್ತ ಹೆಂಗಸು ದೂರದ ಕೆಳಸೇತುವೆಯವರೆಗೆ ನಡೆಯಲಾಗದೆ ಬೇಲಿಯ ಸಂದಿನಲ್ಲಿ ನುಸುಳಿದರೆ ತಪ್ಪು ಆಕೆಯದಷ್ಟೇ ಎನ್ನಲು ನನಗೆ ಮನಸ್ಸಾಗದು. ಅಗತ್ಯವಿರುವ ಕಡೆಗಳಲ್ಲೆಲ್ಲ ಪಾದಚಾರಿ ಮೇಲ್ಸೇತುವೆ, ಮಳೆನೀರು ನಿಲ್ಲದ ಚರಂಡಿ, ಸರ್ವಿಸ್ ರಸ್ತೆಯ ದುರಸ್ತಿ ಇವೆಲ್ಲ ಮೊದಲು ಆಗಲಿ. ಅಲ್ಲಿಯವರೆಗೆ ಈಗಿನ ಮಿತಿಯನ್ನೇ ಕ್ಯಾಮೆರಾಗಳ ಮೂಲಕ ಹಗಲಿರುಳು ಕಟ್ಟುನಿಟ್ಟಾಗಿ ಜಾರಿಗೊಳಿಸಬೇಕೆಂದು ಸಂಬಂಧಪಟ್ಟವರನ್ನು ಒತ್ತಾಯಿಸುತ್ತೇನೆ.

– ಓದುಗ, ಮದ್ದೂರು